ಕಿತ್ತಳೆ ಅಂಗಿ
ಕೆನಡಾದಲ್ಲಿ ‘ಕಿತ್ತಳೆ ಅಂಗಿ ದಿನ’ವಾದ ಸೆಪ್ಟೆಂಬರ್ 30ಕ್ಕೆಂದು ಮಗಳ ಕಿತ್ತಳೆ ಬಣ್ಣದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. 1973ರಲ್ಲಿ ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್, ಅಜ್ಜಿ ಕೊಡಿಸಿದ್ದ ಇಂಥದ್ದೇ ಹೊಸ ಅಂಗಿ ತೊಟ್ಟು ಬ್ರಿಟಿಷ್ ಕೊಲಂಬಿಯಾದ ವಸತಿ ಶಾಲೆಗೆ ಹೋದಾಗ, ಮೊದಲ ದಿನವೇ ಅದನ್ನು ಕಳಚಿಸಿ ತೆಗೆದುಕೊಂಡವರು ಮತ್ತೆ ಕೊಡಲೇ ಇಲ್ಲ. ಕೆನಡಾದ ಮೂಲನಿವಾಸಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯವರಿಂದ ದೂರವಾಗಿ ಇಂಥ ಶಾಲೆಗಳಲ್ಲಿದ್ದರು. ಮನೆಮಾತು ಆಡಿದರೆ ಶಿಕ್ಷೆಯಾಗುತ್ತಿತ್ತು. ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ, ಈ ಇತಿಹಾಸವನ್ನು ಶಾಲೆಗಳಲ್ಲಿ ಕಲಿಸಬೇಕೆಂಬುದೂ ಒಂದು. ಮಗಳ ಶಾಲೆಯಲ್ಲಿ ಪ್ರತಿ ಸಭೆಗೆ ಮುನ್ನ, ಇದು ಮೂಲನಿವಾಸಿಗಳ ನೆಲವೆಂದು ಓದುತ್ತಾರೆ. ಓದಿ ಮುಗಿಸುವ ಅವಸರ ಕಂಡು ನನಗೆ ಅನುಮಾನ ಬಂದದ್ದೂ ಉಂಟು. ಆದರೆ ನಿನ್ನೆ ಅವಳು, "ಅಮ್ಮಾ, ಕನ್ನಡ ಮಾತಾಡಿದ್ದಕ್ಕೆ ನಿನಗೂ ಶಾಲೆಯಲ್ಲಿ ದಂಡ ಹಾಕಿದ್ದರಲ್ಲವೇ?" ಎಂದು ಕೇಳಿದಳು. ಆ ಐದು ರೂಪಾಯಿಗೂ ಇದಕ್ಕೂ ಹೋಲಿಕೆಯಿಲ್ಲವೆಂದೆ; ಸಂಜೆ ಮರಳಿದರೆ ನನಗೆ ಮನೆಯಲ್ಲಿ ಅಜ್ಜಿಯಿದ್ದಳು.