‘ದೊಡ್ಡ’ ಅಂದ್ರೆ ಯಾವ ಕಡೆಗೆ ದೊಡ್ಡದು?

ರಾಯಚೂರಿನಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೇನೆ. ಹಳ್ಳಿ, ತಾಲ್ಲೂಕುಗಳಿಂದ ಬರುವ ಸುದ್ದಿ ತಿದ್ದುವುದು ಕೆಲಸ. ಅದರಲ್ಲಿ ಪುಟಕ್ಕೆ ಹತ್ತು ಸಲ ಎದುರಾಗುವ ಪದ ‘ದೊಡ್ಡ’. ದೊಡ್ಡ ಮಳೆ, ದೊಡ್ಡ ಬಂಡೆ, ದೊಡ್ಡ ಗಲಾಟೆ.

ಹೊಸ ಹುಡುಗರಿಗೆ ಇದು ಸಪ್ಪೆ ಅನಿಸಿದರೆ ತಕ್ಷಣ ‘ಬೃಹತ್’ ಹಾಕುತ್ತಾರೆ. ಅದೂ ಅಷ್ಟೇ ಸಪ್ಪೆ, ಸ್ವಲ್ಪ ಗತ್ತು ಜಾಸ್ತಿ. ನಾನು ಕೇಳುವುದು ಒಂದೇ: ಯಾವ ಕಡೆಗೆ ದೊಡ್ಡದು? ಎತ್ತರಕ್ಕೋ, ಅಗಲಕ್ಕೋ, ಆಳಕ್ಕೋ, ತೂಕಕ್ಕೋ?

‘ರಸ್ತೆಯಲ್ಲಿ ದೊಡ್ಡ ಗುಂಡಿ’ ಅಂತ ಕಳಿಸಿದ ಹುಡುಗನಿಗೆ ಫೋನ್ ಮಾಡಿ ಎಷ್ಟು ದೊಡ್ಡದು ಅಂದೆ.

‘ಮೊಣಕಾಲುದ್ದ ಐತ್ರಿ ಸರ್.’

‘ಅದನ್ನೇ ಬರಿ ತಮ್ಮಾ.’

ನಮ್ಮ ಮಾತಿನಲ್ಲಿ ಅಳತೆಗೋಲು ಮೈಯಲ್ಲೇ ಇದೆ. ಆಳೆತ್ತರದ ಜೋಳ, ಎದೆಮಟ್ಟದ ನೀರು, ಮಾರುದ್ದದ ಹಾವು, ತೋಳುಗಾತ್ರದ ಬೇರು. ಹೊಲದಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ, ಬರೆಯಲು ಕೂತಾಗ ಮಾತ್ರ ಯಾಕೋ ಮರೆತುಹೋಗುತ್ತದೆ. ಇನ್ನು ‘ಹಿರಿದು’ ಮೊಟಕಾಗಿ ಸೇರಿಕೊಂಡ ಪದಗಳೂ ಇವೆ: ಹೆಬ್ಬಂಡೆ, ಹೆಮ್ಮರ, ಹೆಬ್ಬಾಗಿಲು. ಒಂದೇ ಉಸಿರಿಗೆ ಮುಗಿಯುತ್ತವೆ, ತೂಕವೂ ಇದೆ.

ಕೆಲವು ಸಲ ವಿಶೇಷಣವೇ ಬೇಡ. ನಮ್ಮ ಕೋಟೆ ಗೋಡೆಯಲ್ಲಿ 1294ರ ಶಾಸನದ ಕಲ್ಲಿದೆ, 41 ಅಡಿಗೂ ಉದ್ದ. ಅದನ್ನು ಬಂಡಿಗೆ ಹೇರಿ, ಸಾಲು ಕೋಣಗಳನ್ನು ಕಟ್ಟಿ ಎಳೆಸಿದ್ದನ್ನು ಅಲ್ಲೇ ಕೆತ್ತಿದ್ದಾರೆ. ‘ಬೃಹತ್ ಶಿಲೆ’ ಅಂದರೆ ಓದುಗ ಮುಂದೆ ಹೋಗುತ್ತಾನೆ. ಸಾಲು ಕೋಣಗಳು ಎಳೆದು ತಂದ ಕಲ್ಲು ಅಂದರೆ ನಿಲ್ಲುತ್ತಾನೆ. ಆ ಕಾಲದ ಕಲ್ಲುಕುಟಿಗನಿಗೆ ನಮಗಿಂತ ಚೆನ್ನಾಗಿ ವರದಿ ಮಾಡಲು ಬರುತ್ತಿತ್ತು ಬಿಡಿ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅಂಥ ಸುದ್ದಿಗೆ ‘ದೈತ್ಯ ಗೇಟ್’ ಅನ್ನುವ ಆಸೆ ಆಗುತ್ತದೆ. 60 ಅಡಿ ಅಗಲ, 20 ಅಡಿ ಎತ್ತರ ಅಂತ ಬರೆದರೆ ದೈತ್ಯ ತಾನಾಗಿ ಎದ್ದು ನಿಲ್ಲುತ್ತಾನೆ.

ಸುಮ್ನೆ ಮುಟ್ಟಬಾರದ ಪದಗಳೂ ಇವೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಅದಕ್ಕೆ ಮೇಲೆ ‘ಅತಿ ಭಾರಿ’. ‘ಬೃಹತ್ ನೀರಾವರಿ’ಗೂ ಲೆಕ್ಕ ಇದೆ: ಅಚ್ಚುಕಟ್ಟು 10,000 ಹೆಕ್ಟೇರ್ ದಾಟಿರಬೇಕು. ಅರ್ಧ ಗಂಟೆ ಜೋರಾಗಿ ಸುರಿದದ್ದನ್ನು ಭಾರಿ ಮಳೆ ಅಂದರೆ ರೈತರೇ ಫೋನ್ ಮಾಡಿ ಬೈಯುತ್ತಾರೆ. ಅಂಥ ಮಳೆಗೆ ಬಿರುಸು, ರಭಸ, ಧಾರಾಕಾರ ಇವೆಯಲ್ವಾ?

ಹಾಗಂತ ‘ದೊಡ್ಡ’ ಕಂಡಲ್ಲೆಲ್ಲ ಕತ್ತರಿ ಆಡಿಸಬೇಡಿ. ದೊಡ್ಡ ಮನಸ್ಸು, ದೊಡ್ಡ ಮಾತು, ದೊಡ್ಡ ಮನುಷ್ಯ. ಇಲ್ಲಿ ಬೇರೆ ಪದ ಒಗ್ಗಲ್ಲ. ಬಳ್ಳಾರಿ ಕಡೆ ರಾತ್ರಿಯಿಡೀ ಆಡುವ ದೊಡ್ಡಾಟವನ್ನು ಯಾರೂ ಬೃಹದಾಟ ಮಾಡಿಲ್ಲ, ಪುಣ್ಯ. ಇನ್ನು ಒಂದು ಕಾಲಂ ಹೆಡ್ಡಿಂಗಿಗೆ ಎರಡೇ ಅಕ್ಷರದ ಜಾಗ ಉಳಿದಿದ್ದರೆ ನಾನೂ ‘ದೊಡ್ಡ’ ಹಾಕಿ ಪುಟ ಬಿಡುತ್ತೇನೆ.