ಯಾರ ಪಕ್ಕ ಯಾರ ಹೆಸರು?

ಪ್ರವಾಹದಲ್ಲಿ ತೀರಿಕೊಂಡವರ ನೆನಪಿಗೆ ಸ್ಮಾರಕ ಮಾಡುವ ಕೆಲಸ ಕೈಗೆ ಬಂದಾಗ, ಯಾರನ್ನೂ ಕೇಳದೆ ನಕ್ಷೆ ಬರೆಯಲು ಕೂತೆ. ಅದೇ ನನ್ನ ದೊಡ್ಡ ತಪ್ಪು. ಮಧ್ಯದಲ್ಲಿ ತಿಳಿನೀರಿನ ಕೊಳ, ಸುತ್ತ ಕಪ್ಪು ಗ್ರಾನೈಟ್ ಗೋಡೆ, ಅದರ ಮೇಲೆ ಅಕಾರಾದಿಯಾಗಿ ಹೆಸರುಗಳು.

ಮನೆಯವರನ್ನು ಕರೆದು ಮಾದರಿ ತೋರಿಸಿದೆವು. ಕೊಳ ನೋಡಿದ ಕೂಡಲೇ ಇಬ್ಬರು ಎದ್ದು ಹೊರಗೆ ಹೋದರು. ನೀರಿನಿಂದಲೇ ಮನೆಮಂದಿಯನ್ನು ಕಳೆದುಕೊಂಡವರ ಮುಂದೆ ನೀರು ತಂದಿಟ್ಟಿದ್ದೆ. ಅವತ್ತೇ ಕೊಳ ತೆಗೆದೆ.

ಆಮೇಲೆ ಒಬ್ಬ ತಾಯಿ ಗೋಡೆಯ ಹಾಳೆ ಹತ್ತಿರ ಎಳೆದುಕೊಂಡು ಬೆರಳಿಟ್ಟು ಹುಡುಕಿದರು. ಮಗನ ಹೆಸರು ಎಡಗಡೆ ಮೇಲೆ, ಮಗಳದ್ದು ಬಲಗಡೆ ಕೊನೇಲಿ. "ಇಬ್ಬರೂ ಕೈ ಹಿಡ್ಕೊಂಡೇ ಸಿಕ್ಕಿದ್ದು ಸರ್, ಇಲ್ಲಿ ಯಾಕೆ ಬೇರೆ ಮಾಡಿದ್ದೀರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಭೂಕಂಪಕ್ಕೆ 185 ಜನ ಬಲಿಯಾದರು. 2017ರಲ್ಲಿ ಅಲ್ಲಿ ನದಿ ದಂಡೆಯ ಮೇಲೆ ಸ್ಮಾರಕದ ಗೋಡೆ ಎದ್ದಿತು. ಯಾರ ಹೆಸರು ಯಾರ ಹತ್ತಿರ ಇರಬೇಕು ಅನ್ನೋದನ್ನು ಅಲ್ಲಿ ಮನೆಯವರನ್ನೇ ಕೇಳಿದ್ದರು. ಇದನ್ನು ನಾನು ಮೊದಲೇ ಓದಿದ್ದೆ, ಆದರೂ ನಮ್ಮ ಕೆಲಸದಲ್ಲಿ ನೆನಪಾಗಲಿಲ್ಲ.

ಅಕಾರಾದಿ ಪಟ್ಟಿ ಕೈಬಿಟ್ಟು ಮನೆಮನೆಗೆ ಹೋದೆವು. ಎರಡೇ ಪ್ರಶ್ನೆ: ಹೆಸರು ಹೇಗೆ ಬರೆಯಬೇಕು, ಯಾರ ಪಕ್ಕ ಇರಬೇಕು? ಗಂಡ ಹೆಂಡತಿ, ಅಣ್ಣ ತಂಗಿ ಜೋಡಿಸೋದು ಸುಲಭ. ಆದರೆ ಒಂದು ಹುಡುಗಿಯ ಹೆಸರು ಅಜ್ಜಿ ಪಕ್ಕವೂ ಬೇಕು, ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯ ಪಕ್ಕವೂ ಬೇಕು, ಆ ಗೆಳತಿಗೋ ಅವಳ ಅಪ್ಪನ ಪಕ್ಕ ಬೇಕು, ಹೀಗೆ ಒಂದು ಚೀಟಿ ಸರಿಸಿದರೆ ಹತ್ತು ಚೀಟಿ ಅಲ್ಲಾಡುತ್ತಿದ್ದವು. ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ವಾರಗಟ್ಟಲೆ ಕೂತೆವು. ಕೆತ್ತುವ ಮೊದಲು ಪ್ರತಿ ಮನೆಯವರಿಗೂ ಹಾಳೆ ತೋರಿಸಿ ಸಹಿ ಹಾಕಿಸಿಕೊಂಡೆವು, ಕಲ್ಲಿನಲ್ಲಿ ಒಂದು ಒತ್ತು ತಪ್ಪಿದರೂ ಒರೆಸಿ ತಿದ್ದೋಕಾಗಲ್ಲ ಅಲ್ವಾ.

ಇನ್ನೊಂದು ಮಾತು. ಕಲ್ಲಿನ ತುಂಡನ್ನು ಬಿಸಿಲಲ್ಲಿಟ್ಟು ನೋಡದೆ ಆರಿಸಬೇಡಿ. ನಾವು ಇಷ್ಟಪಟ್ಟಿದ್ದ ಹೊಳಪಿನ ಕಲ್ಲಿನಲ್ಲಿ ಮಧ್ಯಾಹ್ನ ಆಕಾಶ ಬಿಟ್ಟು ಬೇರೇನೂ ಕಾಣಲಿಲ್ಲ. ಒರಟು ಕಲ್ಲಿಗೆ ಬದಲಾಯಿಸಿದೆವು. ಅಕ್ಷರವನ್ನು ಬೆರಳ ತುದಿಗೆ ಸಿಗುವಷ್ಟು ಆಳವಾಗಿ ಕೊರೆಸಿದೆವು. ಜನ ಹೆಸರನ್ನು ಓದಿ ಸುಮ್ನೆ ಹೋಗಲ್ಲ, ಮುಟ್ಟುತ್ತಾರೆ. ಅದಕ್ಕೇ ಗಾಲಿಕುರ್ಚಿಯಲ್ಲಿ ಕೂತವರ ಕೈಗೂ ಎಟುಕುವ ಹಾಗೆ ಎತ್ತರ ತಗ್ಗಿಸಿದೆವು.

ಒಬ್ಬ ಹಿರಿಯರು ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೆರೆ ಹಾಕಿಸಿ ಅಂದರು. ಜಪಾನಿನ ಅನೆಯೋಶಿಯಲ್ಲಿ 1933ರ ಸುನಾಮಿ ಆದ ಮೇಲೆ, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಅಂತ ಕಲ್ಲು ನೆಟ್ಟಿದ್ದರು. 2011ರ ಅಲೆ ಆ ಕಲ್ಲಿನ ಕೆಳಗೇ ನಿಂತಿತು. ನಮ್ಮ ಗೋಡೆಯ ಮೇಲೂ ಆ ಗೆರೆ ಇದೆ.

ಒಂದು ಹೆಸರು ಮಾತ್ರ ಇನ್ನೂ ಕೆತ್ತಿಲ್ಲ. ಗಂಡನ ದೇಹ ಸಿಗದ ಒಬ್ಬರು, "ಈಗ ಬೇಡ, ನಾನೇ ಹೇಳ್ತೀನಿ" ಅಂದರು. ಅವರ ಅತ್ತೆಯ ಹೆಸರಿನ ಪಕ್ಕ ಅಷ್ಟು ಜಾಗ ಬಿಟ್ಟಿದ್ದೇವೆ.