ಫ್ಯಾನಿನ ಸದ್ದಿನಲ್ಲಿ ಅಡಗಿದ್ದ ತಂಬೂರಿ

ಹೊಸ ಸ್ಪೀಕರುಗಳನ್ನು ತಂದ ಮೊದಲ ವಾರ ನನಗೆ ನಿರಾಸೆಯೇ ಆಗಿತ್ತು. ವಿಲಂಬಿತ ಖಯಾಲ್ (ನಿಧಾನ ಲಯದ ಹಿಂದೂಸ್ತಾನಿ ಗಾಯನ) ಹಾಕಿದರೆ ತಂಬೂರಿಯ ನಾದ ಮಂಕಾಗಿ, ಗಾಯಕರು ಉಸಿರೆಳೆದುಕೊಳ್ಳುವ ಸದ್ದು ಇಲ್ಲವೇ ಇಲ್ಲವೆಂಬಂತೆ ಕೇಳಿಸುತ್ತಿತ್ತು. ಒಂದು ರಾತ್ರಿ ಚಳಿಯೆಂದು ಫ್ಯಾನ್ ಆರಿಸಿದಾಗ, ಅದರ ರೆಕ್ಕೆಗಳು ನಿಧಾನವಾಗಿ ನಿಲ್ಲುತ್ತಿದ್ದಂತೆ, ತಂಬೂರಿಯ ಮಂದ್ರ ಷಡ್ಜದ (ಕೆಳಸ್ಥಾಯಿಯ ‘ಸ’) ತಂತಿಯ ಗುಂಗು, ಅದರ ಹಿಂದೆಯೇ ತಬಲಾ ಜೋಡಿಯ ದೊಡ್ಡ ವಾದ್ಯವಾದ ಡಗ್ಗಾದ ಮೆಲುವಾದ ಗುಮುಕು, ಒಂದೊಂದಾಗಿ ಮೇಲೆದ್ದು ಬಂದವು. ಸ್ಪೀಕರಿನಲ್ಲಿ ದೋಷವೇ ಇರಲಿಲ್ಲ; ಫ್ಯಾನಿನ ಸದ್ದೇ ಅವನ್ನು ಮುಚ್ಚಿಟ್ಟಿತ್ತು.

ಒಂದು ಸದ್ದು ತನ್ನ ಆವರ್ತನದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಆಸುಪಾಸಿನ, ಅದರಲ್ಲೂ ತನಗಿಂತ ಮೇಲಿನ ಆವರ್ತನಗಳ ಕ್ಷೀಣ ಸದ್ದುಗಳನ್ನು ಕಿವಿಗೆ ನಿಲುಕದಂತೆ ಮರೆಮಾಡುತ್ತದೆ. ಸಿಡಿಯ 16 ಬಿಟ್ ಮುದ್ರಣದಲ್ಲಿ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಸುಮಾರು 96 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಅಂತರ ಹಿಡಿಸುತ್ತದೆ. ಆದರೆ ಕೋಣೆಯ ಸದ್ದೇ 45 ಡೆಸಿಬೆಲ್ ಇದ್ದು, ನಾವು ಕೇಳುವ ಗರಿಷ್ಠ ಮಟ್ಟ 85 ಆಗಿದ್ದರೆ, ಸಂಗೀತಕ್ಕೆ ಉಳಿಯುವುದು ಸುಮಾರು 40 ಮಾತ್ರ. ವಾಲ್ಯೂಮ್ ಏರಿಸುವುದೇ ಪರಿಹಾರವೆಂದು ನಾನು ಒಪ್ಪುವುದಿಲ್ಲ: 10 ಡೆಸಿಬೆಲ್ ಹೆಚ್ಚಿಸಲು ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಒದಗಿಸಬೇಕು, ಕಿವಿಯೂ ಬೇಗ ದಣಿಯುತ್ತದೆ, ಪಕ್ಕದ ಮನೆಯವರ ನೆಮ್ಮದಿಯೂ ಕೆಡುತ್ತದೆ.

ಈಗ ಕಿಟಕಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ಫ್ರಿಜ್ ಇರುವ ಅಡುಗೆಮನೆಯ ಬಾಗಿಲು ಮುಚ್ಚಿ, ಬೀದಿಯಲ್ಲಿ ಬೈಕುಗಳ ಓಡಾಟ ತಗ್ಗಿದ ಮೇಲೆ, ರಾತ್ರಿ ಹತ್ತರ ನಂತರ ಕೇಳಲು ಕೂರುತ್ತೇನೆ. ವಾಲ್ಯೂಮಿನ ಗುಂಡಿ ಮೊದಲಿಗಿಂತ ಕೆಳಗೇ ಇದೆ, ತಂಬೂರಿಯ ನಾಲ್ಕೂ ತಂತಿಗಳು ಬೇರೆಬೇರೆಯಾಗಿ ಕೇಳಿಸುತ್ತವೆ.